ಕೊಪ್ಪರಿಗೆಗೆ ಸೆನ್ಸರ್ ಇಳಿಸಿ ಪಾಕ ಹಿಡಿದಿದ್ದು

ಆಲೆಮನೆಯಲ್ಲಿ ಪಾಕಕ್ಕೆ ಬಿಸಿ ಅಳೆಯುವ ಮೀಟರ್ ಹಾಕುತ್ತೇನೆ ಅಂದಾಗ ಮಂಡ್ಯ ಕಡೆಯ ನಮ್ಮವರು ಯಾರೂ ನಂಬಲಿಲ್ಲ. "ಪಾಕ ಕೈಗೆ ಗೊತ್ತಾಗಬೇಕು ಕಣಪ್ಪ, ಡಬ್ಬಿಗಲ್ಲ" ಅಂದರು ಬೆಲ್ಲ ಬೇಯಿಸುವ ಹಿರಿಯರು. ಈ ಸೀಸನ್ನಿನಲ್ಲಿ ಅವರೇ ಡಬ್ಬಿ ನೋಡಿ ಪಾಕ ಇಳಿಸುತ್ತಿದ್ದಾರೆ.

ಮೊದಲು ತಂದಿದ್ದು ಕೆ ಟೈಪ್ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿ ಜೋಡಿಸಿ ಬಿಸಿ ಅಳೆಯುವ ಸೆನ್ಸರ್, ನಾನೂರು ರೂಪಾಯಿ ಇರಬೇಕು. ಕುಲುಮೆಗೆ ಒಳ್ಳೆಯದು, ಬೆಲ್ಲಕ್ಕೆ ಕಷ್ಟ. ಮಾಮೂಲಿ ಕ್ಲಾಸ್ 2 ದರ್ಜೆಯ ಪ್ರೋಬ್ (ಪಾಕಕ್ಕೆ ಇಳಿಸುವ ಕಡ್ಡಿ) ಎರಡೂವರೆ ಡಿಗ್ರಿ ಆಚೀಚೆ ಹೋಗಬಹುದು. ಅಷ್ಟರಲ್ಲಿ ಅಚ್ಚು ಕಟ್ಟುವ ಪಾಕ ಕಟ್ಟದೇ ಹೋಗುತ್ತದೆ.

ವೈರಿನದು ಇನ್ನೂ ದೊಡ್ಡ ತಲೆನೋವು. ಮೀಟರ್ ದೂರ ಇರಲಿ ಅಂತ ಎಲೆಕ್ಟ್ರಿಷಿಯನ್ ಸಾದಾ ತಾಮ್ರದ ವೈರ್ ಎಳೆದಿದ್ದರು. ಥರ್ಮೋಕಪಲ್ಲಿನಲ್ಲಿ ವೋಲ್ಟೇಜ್ ಹುಟ್ಟೋದೇ ಎರಡು ತುದಿಗಳ ಬಿಸಿಯ ವ್ಯತ್ಯಾಸದಿಂದ ಅಲ್ವಾ? ಒಲೆ ಪಕ್ಕದ ಜಾಯಿಂಟ್ ಸುಮಾರು 55 ಡಿಗ್ರಿ, ಮೀಟರ್ ಹತ್ತಿರ 30. ನಡುವಿನ 25 ಡಿಗ್ರಿ ಲೆಕ್ಕಕ್ಕೇ ಬರಲಿಲ್ಲ. ಪಾಕ ಇಳಿಸಬೇಕಾದ 116 ಡಿಗ್ರಿ ಮುಟ್ಟಿದಾಗ ಮೀಟರಿನಲ್ಲಿ 91! ಇನ್ನೂ ಬೇಯಲಿ ಅಂತ ಬಿಟ್ಟು ಇಡೀ ಕೊಪ್ಪರಿಗೆ ಸೀದುಹೋಯಿತು. ನಾಲ್ಕೈದು ಸಾವಿರ ನಷ್ಟ. ಥರ್ಮೋಕಪಲ್ಲಿಗೆ ಹೊಂದುವ ಲೋಹದ ಕಾಂಪೆನ್ಸೇಟಿಂಗ್ ಕೇಬಲ್ ಹಾಕಿದ ಮೇಲೆ ಆ ಕಾಟ ತಪ್ಪಿತು.

ಆಮೇಲೆ ಪಿಟಿ 100ಗೆ ಬದಲಾಯಿಸಿದೆ. ಇದು ಪ್ಲಾಟಿನಂ ಸೆನ್ಸರ್, ಬಿಸಿ ಏರಿದಂತೆ ಇದರ ವಿದ್ಯುತ್ ಪ್ರತಿರೋಧ (ಓಮ್) ಏರುತ್ತದೆ. ಕಂಟ್ರೋಲರ್ ಸೇರಿ ಮೂರು ಸಾವಿರದ ಹತ್ತಿರ ಆಯಿತು. ಸೊನ್ನೆ ಡಿಗ್ರಿಗೆ 100 ಓಮ್, 116ಕ್ಕೆ ಸುಮಾರು 144.5. ಮೂರು ವೈರಿನದ್ದೇ ತನ್ನಿ. ಎರಡು ವೈರಿನದ್ದಾದರೆ ಕೇಬಲ್ಲಿನ ಒಂದು ಓಮ್ ಸೇರಿಕೊಂಡರೂ ಎರಡೂವರೆ ಡಿಗ್ರಿ ಜಾಸ್ತಿ ತೋರಿಸುತ್ತದೆ.

ಹಾಕುವ ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ. 98ರ ಹತ್ತಿರ ನಿಂತಿತು. ಸೆನ್ಸರ್ ಕೆಟ್ಟಿದೆ ಅಂದರು ಅಂಗಡಿಯವರು. ಕೆಟ್ಟಿರಲಿಲ್ಲ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಮೇಲಿದೆ, ನೀರು ಇಲ್ಲಿ ಕುದಿಯೋದೇ ಅಷ್ಟಕ್ಕೆ. ಪುಡಿ ಮಾಡಿದ ಐಸ್ ನೀರಿನಲ್ಲಿ ಸರಿಯಾಗಿ ಸೊನ್ನೆ ಬಂತು. ಪಾಕ ಇಳಿಸೋಕೆ ಪುಸ್ತಕ ಹೇಳುವ 118 ಡಿಗ್ರಿ ನಮ್ಮಲ್ಲಿ 116 ಆಗೋದೂ ಇದಕ್ಕೇ. ಇದನ್ನು ಹಿಡಿದದ್ದು ನಾನೇ ಅಂತ ಹೇಳಿಕೊಳ್ಳೋಕೆ ಖುಷಿಯಿದೆ.

ಮಧ್ಯೆ ಮುಟ್ಟದೇ ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಕೂಡ ಹಿಡಿದು ನೋಡಿದೆ. ಅದಕ್ಕೆ ಕಾಣೋದು ಹಬೆ ಮತ್ತು ನೊರೆ, ಪಾಕ ಅಲ್ಲ. ಹತ್ತು ಹನ್ನೆರಡು ಡಿಗ್ರಿ ಕಡಿಮೆ ತೋರಿಸಿತು. ಬಾಯ್ಲರ್ ಕೊಳವೆ ನೋಡೋಕೆ ಇಟ್ಟುಕೊಂಡಿದ್ದೇನೆ.

ಪ್ರೋಬ್ ತಳಕ್ಕೆ ತಾಗಿದರೆ ಜಾಸ್ತಿ ತೋರಿಸುತ್ತದೆ, ನೊರೆಯಲ್ಲಿ ನಿಂತರೆ ಕಡಿಮೆ. ಕೊಪ್ಪರಿಗೆ ಅಂಚಿನಿಂದ ಯಾವ ಓರೆಗೆ ಇಳಿಬಿಡಬೇಕು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಒಂದು ಮಾತ್ರ ಹೇಳುತ್ತೇನೆ: ಪ್ರತಿ ಬೇಯಿಸುವಿಕೆ ಆದಮೇಲೆ ಪ್ರೋಬನ್ನು ಬಿಸಿನೀರಿನಲ್ಲಿ ತೊಳೆಯಿರಿ. ಬೆಲ್ಲ ಮೆತ್ತಿಕೊಂಡರೆ ಮೀಟರ್ ಅರ್ಧ ನಿಮಿಷ ಹಿಂದೆ ಬೀಳುತ್ತದೆ, ಕೊನೆಯಲ್ಲಿ ಪಾಕ ಅಷ್ಟು ಹೊತ್ತು ಕಾಯೋದಿಲ್ಲ.

ಇದೆಲ್ಲ ಸಿಒ 62175 ಅನ್ನೋ ಕಬ್ಬಿನ ತಳಿಯ ಲೆಕ್ಕ. ಇನ್ನೊಂದು ತಳಿ ವಿಸಿಎಫ್ 0517 ಮುಂದಿನ ತಿಂಗಳು ಬೇಯಿಸಿ ನೋಡಬೇಕು.