ಅಮ್ಮನ ಫೋನಿನಲ್ಲಿ ಆಡುವ ಆಟ

ಶಿಡ್ಲಘಟ್ಟ ಕಡೆಯ ಹೈಸ್ಕೂಲ್ ಮಕ್ಕಳು ತಂಬಾಕಿನ ಕಡೆ ಹೋಗದಿರಲಿ ಅಂತ ನಾವೊಂದು ಮೊಬೈಲ್ ಆಟ ಮಾಡಿದೆವು. ಕೋಡ್ ಬರೆಯುವುದು ನನ್ನ ಪಾಲು. ಆದರೆ ಕೋಡ್‌ಗಿಂತ ಜಾಸ್ತಿ ಹೊತ್ತು ಹಿಡಿದದ್ದು ಏನು ಕೇಳಬಾರದು, ಏನು ತೋರಿಸಬಾರದು ಅನ್ನುವ ಚರ್ಚೆ.

ಎಂಟು, ಒಂಬತ್ತನೇ ಕ್ಲಾಸಿನವರಿಗೆ ಸ್ವಂತ ಫೋನ್ ಇರುವುದು ಕಮ್ಮಿ. ಮನೆಯ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಮುಗಿದ ಮೇಲೆ ರಾತ್ರಿ ಅಮ್ಮನ ಫೋನ್ ಕೈಗೆ ಬರುತ್ತದೆ, ಅದೂ ಅಣ್ಣ ಬಿಟ್ಟರೆ. ಹಾಗಾಗಿ ಇನ್‌ಸ್ಟಾಲ್ ಮಾಡುವ ಆಪ್ ಬೇಡ, ಒತ್ತಿದರೆ ತೆರೆಯುವ ಲಿಂಕ್ ಸಾಕು ಅಂದುಕೊಂಡೆವು. ಹೆಸರು, ನಂಬರ್ ಕೇಳುವುದಿಲ್ಲ. 'ನೀನು ಗುಟ್ಕಾ ಹಾಕ್ತೀಯಾ?' ಅಂತಲೂ ಕೇಳುವುದಿಲ್ಲ. ಅಮ್ಮನ ಫೋನಿನಲ್ಲಿ ಅದಕ್ಕೆ ಯಾರು ನಿಜ ಹೇಳುತ್ತಾರೆ? 2023ರ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರ ಮಾಹಿತಿ ತೆಗೆದುಕೊಳ್ಳಲು ಪೋಷಕರ ಒಪ್ಪಿಗೆ ಬೇಕು. ಮಾಹಿತಿಯನ್ನೇ ತೆಗೆದುಕೊಳ್ಳದಿದ್ದರೆ ಆ ತಲೆನೋವೇ ಇಲ್ಲ, ಅಲ್ವಾ? ದುಡ್ಡು ಕೊಟ್ಟವರಿಗೆ ಮಾತ್ರ ಇದು ಹಿಡಿಸಲಿಲ್ಲ. ಅವರಿಗೆ ಗ್ರಾಫ್ ಬೇಕಿತ್ತು.

ಕೊಳೆತ ಬಾಯಿಯ ಫೋಟೊ ಒಂದೂ ಹಾಕಲಿಲ್ಲ. ತಂಬಾಕು ಪ್ಯಾಕೆಟ್ಟಿನ 85 ಪರ್ಸೆಂಟ್ ಜಾಗದಲ್ಲಿ ಎಚ್ಚರಿಕೆ ಇದ್ದೇ ಇದೆ. ಅಂಗಡಿ ಮುಂದೆ ನೇತಾಡುವ ಆ ಸರಗಳನ್ನು ಮಕ್ಕಳು ದಿನಾ ನೋಡುತ್ತಾರೆ. ಹದಿನಾಲ್ಕರ ಹುಡುಗನಿಗೆ ಕ್ಯಾನ್ಸರ್ ಯಾರೋ ದೊಡ್ಡವರ ಕಾಯಿಲೆ, ಅಷ್ಟೇ.

ನಮ್ಮ ಆಟ ಶುರುವಾಗುವುದು ಕಬಡ್ಡಿ ಮೈದಾನದ ಪಕ್ಕದಲ್ಲಿ. ಸೀನಿಯರ್ ಒಬ್ಬ ಪ್ಯಾಕೆಟ್ ಹರಿದು ಅಂಗೈಗೆ ಸುರಿದುಕೊಳ್ಳುತ್ತಾನೆ. 'ತೀಸ್ಕೋರಾ, ಏಂ ಕಾದು' (ತಗೊಳ್ಳೋ, ಏನೂ ಆಗಲ್ಲ) ಅನ್ನುತ್ತಾನೆ. ಇಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಗೆಳೆಯರ ಒತ್ತಾಯವೂ ಅದರಲ್ಲೇ ಬರುತ್ತದೆ. ಈಗ ಏನು ಹೇಳಬೇಕು? 'ಬೇಡ, ಇದು ಆರೋಗ್ಯಕ್ಕೆ ಹಾನಿಕರ' ಅಂತ ಬರೆಯಿರಿ ಎಂದರು ಮೇಷ್ಟ್ರೊಬ್ಬರು. ಮಕ್ಕಳು ಓದಿ ಬಿದ್ದು ಬಿದ್ದು ನಕ್ಕರು. ಅವರೇ ಹೇಳಿಕೊಟ್ಟ ಉತ್ತರಗಳು ಬೇರೆ: 'ಹಲ್ಲು ನೋವು ಕಣೋ', 'ನಮ್ಮ ಮಾವ ಅಲ್ಲೇ ಟೀ ಕುಡೀತಿದಾನೆ', ಇಲ್ಲವೇ ಸುಮ್ನೆ ಚಪ್ಪಲಿ ಹಾಕಿಕೊಂಡು ಹೊರಟುಬಿಡುವುದು. ಮೂರನ್ನೂ ಸೇರಿಸಿದೆವು. ಯಾವುದಕ್ಕೂ ಅಂಕ ಕೊಡಲಿಲ್ಲ. ಸೀನಿಯರ್ ಮತ್ತೆ ಕರೆಯುತ್ತಾನೆ, ಮತ್ತೆ ಉತ್ತರ ಹುಡುಕಬೇಕು. ಬಾಯಿಗೆ ಮಾತು ರೂಢಿಯಾಗುವುದೇ ಇಲ್ಲಿ ಮುಖ್ಯ.

ಮಕ್ಕಳು ಪದೇ ಪದೇ ಹೇಳಿದ್ದು 'ಬರೀ ಪಾನ್ ಮಸಾಲ ಸಾರ್, ತಂಬಾಕಿಲ್ಲ' ಅಂತ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆಮೇಲೆ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು. ಬೆರೆಸಿಕೊಂಡರೆ ಅದೇ ಗುಟ್ಕಾ. ತಂಬಾಕು ಬೆರೆಸದಿದ್ದರೂ ಮಸಾಲದಲ್ಲಿರುವ ಅಡಿಕೆ ಸುಮ್ಮನೆ ಬಿಡುವುದಿಲ್ಲ. ದಿನಾ ಜಗಿಯುತ್ತಿದ್ದರೆ ಒಳಗೆನ್ನೆ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗಬಹುದು. ಇದಕ್ಕೊಂದು ಸ್ಕ್ರೀನ್ ಮಾಡಿದೆವು: ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ಮಧ್ಯೆ ಇಡು. ಸಾಮಾನ್ಯವಾಗಿ ಮೂರೂ ಹಿಡಿಯುತ್ತವೆ. ಇಡೀ ಕ್ಲಾಸ್ ಬಾಯಿ ತೆರೆದು ಕೂತಿತ್ತು, ಗಲಾಟೆಯೋ ಗಲಾಟೆ. ಹಿಂದಿನ ಬೆಂಚಿನ ಒಬ್ಬನಿಗೆ ಎರಡು ಬೆರಳು ಮಾತ್ರ ಹಿಡಿದವು. ಅವನಿಗೆ ನಾವು ಬೇರೇನೂ ಹೇಳಲಿಲ್ಲ. ಹಲ್ಲಿನ ಡಾಕ್ಟರಿಗೆ ತೋರಿಸು ಅಂತ ಮುಂದಿನ ಸ್ಕ್ರೀನೇ ಹೇಳಿತು.

ಕೊನೆಯಲ್ಲಿ ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಇದೆ. ಆದರೆ ಡಯಲ್ ಬಟನ್ ಇಡಲಿಲ್ಲ. ಅಮ್ಮನ ಕಾಲ್ ಲಿಸ್ಟಿನಲ್ಲಿ ಆ ನಂಬರ್ ಉಳಿದರೆ ಮನೆಯಲ್ಲಿ ರಂಪ ಆಗುತ್ತದೆ. 'ನೋಟ್‌ಬುಕ್ಕಿನಲ್ಲಿ ಬರೆದುಕೋ, ನಂಬುವ ದೊಡ್ಡವರೊಬ್ಬರ ಫೋನಿಂದ ಮಾಡು' ಎಂದಷ್ಟೇ ಹಾಕಿದೆವು.