ಬೂರುಗದ ಐದು ಹೂವು

ಮಾಘ ಮುಗಿಯುತ್ತಾ ಬಂದ ಹಾಗೆ ಕಾಸರಗೋಡಿನ ಬದಿಯಡ್ಕದ ಕಡೆ ನಮ್ಮ ಗುಡ್ಡದಲ್ಲಿ ಬೂರುಗ ಹೂ ಬಿಡುತ್ತದೆ. ಒಂದೂ ಎಲೆ ಇರುವುದಿಲ್ಲ. ಬರೀ ಕೊಂಬೆ, ಅದರ ಮೇಲೆ ಕೆಂಪು. ಇದನ್ನು ಜಲವರ್ಣದಲ್ಲಿ ಹಿಡಿಯಲು ಮೂರು ವರ್ಷ ಹಿಡಿಯಿತು. ಮೊದಲೆರಡು ವರ್ಷ ಮರದ ತುಂಬಾ ಕೆಂಪು ಬಳಿದೆ, ಹಿಂದೆ ನೀಲಿ ಆಕಾಶ. ಚಂದ ಇತ್ತು. ಆದರೆ ಋತು ಬದಲಾಗುತ್ತಿದೆ ಅಂತ ಅನಿಸಲೇ ಇಲ್ಲ.

ಕಣ್ಣು ತೆರೆಸಿದ್ದು ರಷ್ಯಾದ ಅಲೆಕ್ಸೀ ಸವ್ರಾಸೊವ್ 1871ರಲ್ಲಿ ಬರೆದ ‘ರೂಕ್‌ಗಳು ಮರಳಿ ಬಂದವು’ ಎಂಬ ಚಿತ್ರ. ರೂಕ್ ಅಂದರೆ ನಮ್ಮ ಕಾಗೆಯ ಬಳಗದ ಹಕ್ಕಿ. ಬೋಳು ಬರ್ಚ್ ಮರಗಳು, ಅವೂ ಸೊಟ್ಟ. ಕೊಳೆಯಾದ ಹಿಮ, ಬೂದು ಮೋಡ, ಹಿಂದೆ ಇಗರ್ಜಿಯ ಗೋಪುರ. ಇಡೀ ಚಿತ್ರದಲ್ಲಿ ಒಂದು ಹೂವಿಲ್ಲ. ಆದರೆ ಕೊಂಬೆಗಳಲ್ಲಿ ಗೂಡು ಕಟ್ಟುವ ಗಡಿಬಿಡಿ, ನೆಲದಲ್ಲೊಂದು ಹಕ್ಕಿಯ ಕೊಕ್ಕಿನಲ್ಲಿ ಕಡ್ಡಿ, ಮೂಲೆಯಲ್ಲಿ ಹಿಮ ಕರಗಿ ನಿಂತ ನೀರು. ಇಷ್ಟೇ ಸಾಕು, ಚಳಿ ಬಿಟ್ಟಿತು ಅಂತ ಗೊತ್ತಾಗಿಬಿಡುತ್ತದೆ.

ಅದನ್ನೇ ಇಲ್ಲಿಗೆ ತಂದರೆ ಒಪ್ಪುವುದಿಲ್ಲ, ಅಲ್ವಾ? ಅಲ್ಲಿ ನೀರು ಬಂದಾಗ ವಸಂತ. ನಮ್ಮಲ್ಲಿ ನೀರು ಇಳಿಯುವಾಗ ವಸಂತ. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಹಾಕಿದ ಕಟ್ಟದಲ್ಲಿ ನೀರು ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಪಕ್ಕದ ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಕಪ್ಪು ಗೆರೆ ಉಳಿಯುತ್ತದೆ. ಮೇಲೆ ಮರ ಹೂ ಬಿಡುತ್ತಿದೆ, ಕೆಳಗೆ ನೀರು ಹೋಗುತ್ತಿದೆ. ನನ್ನ ಚಿತ್ರದ ಜೀವ ಆ ಗೆರೆಯಲ್ಲಿದೆ ಅಂತ ಗಟ್ಟಿ ಮಾಡಿಕೊಂಡೆ.

ಮೂರನೇ ವರ್ಷ ಮಂಜು ಕರಗುವ ಮೊದಲೇ ಹೋಗಿ ಕೂತೆ. ಆಕಾಶಕ್ಕೆ ಅಲ್ಟ್ರಾಮರೀನ್ ಎಂಬ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಎರಡೇ. ಸೇರಿಸಿದರೆ ಮೆತ್ತಗಿನ ಬೂದು ಸಿಗುತ್ತದೆ, ಟ್ಯೂಬಿನ ಕಪ್ಪಿಗಿಂತ ಎಷ್ಟೋ ಜೀವಂತ. ಅದರಲ್ಲೇ ಸಿಯೆನ್ನಾ ಜಾಸ್ತಿ ಮಾಡಿ ಒಣಗಿದ ಮುಳಿಹುಲ್ಲು ಎಳೆದೆ. ಕಾಗದ ಹಸಿ ಇರುವಾಗಲೇ ದೂರದ ಗುಡ್ಡ, ಪೂರ್ತಿ ಒಣಗಿದ ಮೇಲೆ ಕೊಂಬೆಗಳು. ಆ ಹೊತ್ತಿನಲ್ಲೇ ಒಂದು ಹೂ ದೊಪ್ಪನೆ ಬಿತ್ತು. ಎತ್ತಿ ನೋಡಿದರೆ ತೊಗಲಿನ ಹಾಗೆ ದಪ್ಪ ಎಸಳು, ಅಂಗೈಯಲ್ಲಿ ಒಳ್ಳೇ ಭಾರ. ಇಷ್ಟು ಭಾರದ ಹೂವನ್ನು ನಾನು ಇಷ್ಟು ದಿನ ಸುಮ್ನೆ ಚುಕ್ಕಿ ಇಟ್ಟು ಬಿಡುತ್ತಿದ್ದೆ. ಕೆಂಪು ಬಣ್ಣ ಗಟ್ಟಿಯಾಗಿ ಕಲಸಿ ಐದೇ ಹೂ ಬರೆದೆ. ನಾಲ್ಕು ಕೊಂಬೆಯಲ್ಲಿ, ಒಂದು ಕಟ್ಟದ ನೀರಿನಲ್ಲಿ, ಕಪ್ಪು ಗೆರೆಗಿಂತ ಒಂದು ಗೇಣು ಕೆಳಗೆ.