ಆರು ದಿನದ ಜಗಳಕ್ಕೆ ಒಂದು ಚಾರ್ಟ್ ಪೇಪರ್ ಸಾಕಾಯ್ತು

ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಬೈಬಲ್ ಸ್ಟಡಿ ನಡೆಸುವವರಿಗೆ ಗೊತ್ತು, ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದ ಕಥೆಯಿರೋ ಆದಿಕಾಂಡ 1ನೇ ಅಧ್ಯಾಯ ತೆರೆದ ಕೂಡಲೇ ಕೂಟ ಎರಡು ಭಾಗ. ಹಿರಿಯರಿಗೆ ಆರು ದಿನ ಅಂದರೆ ಆರೇ ದಿನ. ಐಟಿ ಹುಡುಗರು ಡೈನೋಸಾರ್ ಎಳೆದು ತರ್ತಾರೆ. ಯುವಜನ ಕೂಟದಲ್ಲಿ ಈ ಅಧ್ಯಾಯ ಬೇಡ, ಸಭೆ ಒಡೆಯುತ್ತೆ ಅಂದವರಿದ್ದರು. ಒಡೆಯಲಿಲ್ಲ. ಈಗ ಅವರೇ ನನ್ನ ಚಾರ್ಟ್ ಕೇಳಿ ಒಯ್ತಾರೆ.

ಪ್ರೊಜೆಕ್ಟರ್ ಬಾಡಿಗೆಗೆ ಸಾವಿರದ ಮೇಲೆ ಸುರಿದದ್ದು ದಂಡ. ಬಿಗ್ ಬ್ಯಾಂಗ್ ವಿಡಿಯೋ ಮುಗಿದರೂ ಬೈಬಲ್ ತೆರೆದವರಿಲ್ಲ. ಮೂಲ ಭಾಷೆ ಹೀಬ್ರೂವಿನ ನಿಘಂಟೂ ಕೆಲಸಕ್ಕೆ ಬರಲಿಲ್ಲ, ಅದು ಯಾರ ಕೈಲಿದೆಯೋ ಗೆಲುವು ಅವರದ್ದೇ.

ಕೊನೆಗೆ ನಡೆದದ್ದು ಅವೆನ್ಯೂ ರಸ್ತೆಯ ಚಾರ್ಟ್ ಪೇಪರ್, ಎರಡು ಬಣ್ಣದ ಮಾರ್ಕರ್, 1:1ರಿಂದ (1ನೇ ಅಧ್ಯಾಯ, 1ನೇ ವಚನ) 2:3ರವರೆಗಿನ ಜೆರಾಕ್ಸ್. ಇಪ್ಪತ್ತು ಜನಕ್ಕೆ ಇನ್ನೂರು ರೂಪಾಯಿ ಆಸುಪಾಸು. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ 1, 2, 3ನೇ ದಿನ, ಎದುರಿಗೆ 4, 5, 6. ಮಾರ್ಕರ್ ಮಾತ್ರ ಅಕ್ಷರಶಃ ಓದುವವರ ಕೈಗೇ ಕೊಡಿ. ಹುಡುಗರಿಗೆ ಕೊಟ್ಟರೆ ಮೇಲೆ ‘ರೂಪಕ’ ಅಂತ ಬರೆದುಬಿಡ್ತಾರೆ, ಹಿರಿಯರು ಬೈಬಲ್ ಮುಚ್ಚಿ ಕೂರ್ತಾರೆ.

ತುಂಬುತ್ತಾ ಹೋದರೆ ಬೆಳಕಿನ ಎದುರು ಸೂರ್ಯ, ಚಂದ್ರ, ನಕ್ಷತ್ರ. ನೀರು, ಆಕಾಶದ ಗುಮಟದ ಎದುರು ಮೀನು, ಹಕ್ಕಿ. ಒಣನೆಲ, ಗಿಡದ ಎದುರು ಪ್ರಾಣಿ, ಮನುಷ್ಯ. ಎಡಗಡೆ ಜಾಗ, ಬಲಗಡೆ ಅದರ ಒಕ್ಕಲು. ಪ್ರತಿ ದಿನದ ಕೊನೆಗೂ ‘ಸಂಜೆಯಾಯಿತು, ಬೆಳಗಾಯಿತು’ ಅನ್ನೋ ಸಾಲಿದೆ, ಸೂರ್ಯನಿಲ್ಲದೆ ಮೊದಲ ಮೂರು ಸಂಜೆ-ಬೆಳಗು ಹೇಗಾಯ್ತು ಅಂತ ಬರೆಯುವವರೇ ಕೇಳ್ತಾರೆ. ಆಗ ಹೇಳಿ, ಮೂರನೇ ಶತಮಾನದಲ್ಲೇ ಆದಿ ಸಭೆಯ ಪಂಡಿತ ಒರಿಜೆನ್ ಇದನ್ನು ಕೇಳಿದ್ದ. ಎಲ್ಲವೂ ಒಮ್ಮೆಗೇ ಸೃಷ್ಟಿಯಾಯ್ತು ಅಂತ ಆಮೇಲೆ ಬಂದ ಬಿಷಪ್ ಅಗಸ್ಟಿನ್ ಅಂದಿದ್ದ. ಡಾರ್ವಿನ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮುಂಚೆ. ಸಾಂಕೇತಿಕ ಓದು ವಿಜ್ಞಾನಕ್ಕೆ ಹೆದರಿ ಹುಟ್ಟಿದ್ದು ಅನ್ನೋ ಮಾತು ಮತ್ತೆ ಏಳಲ್ಲ.

ಹುಡುಗರು ಬೀಗೋಕೆ ಬಿಡಬೇಡಿ. ವಿಮೋಚನಕಾಂಡ 20:11 ಓದಿಸಿ: ಸಬ್ಬತ್ತಿನ, ಅಂದರೆ ಏಳನೇ ದಿನ ವಿಶ್ರಾಂತಿಯ, ಆಜ್ಞೆ ನಿಂತಿರೋದೇ ಆ ಆರು ದಿನಗಳ ಮೇಲೆ. ಬರೀ ಕವಿತೆ ಅಂದವರು ಇದಕ್ಕೆ ಉತ್ತರ ಕೊಡಲೇಬೇಕು. ಏಳನೇ ದಿನಕ್ಕೆ ಸಂಜೆ-ಬೆಳಗಿನ ಸಾಲೇ ಇಲ್ಲ ಅಂತ ಯಾರಾದರೂ ಕಂಡುಹಿಡಿದರೆ ಆವತ್ತು ಕೂಟ ಬೇಗ ಮುಗಿಯಲ್ಲ. ಅದು ಕಣ್ಣಿಗೆ ಬೀಳೋ ಹಾಗೆ ಜೆರಾಕ್ಸಿನಲ್ಲಿ ಒಂದು ಕೈಚಳಕ ಮಾಡಿರ್ತೀನಿ; ಅದು ನನ್ನ ಹತ್ತಿರವೇ ಇರಲಿ.

ವಂಶಾವಳಿಯನ್ನೂ ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ ನೋಡಿದ್ದಾಯ್ತು. ಆದಿಕಾಂಡ 5ನೇ ಅಧ್ಯಾಯದ ವಯಸ್ಸುಗಳ ಜೊತೆ 7:6ರ ನೋಹನ ವಯಸ್ಸು ಸೇರಿಸಿದರೆ ಸೃಷ್ಟಿಯಿಂದ ಜಲಪ್ರಳಯಕ್ಕೆ 1656 ವರ್ಷ. ಹೀಬ್ರೂ ಬೈಬಲಿನ ಹಳೆಯ ಗ್ರೀಕ್ ಅನುವಾದ ಸೆಪ್ಟುಅಜಿಂಟ್ ಹಿಡಿದರೆ ಲೆಕ್ಕವೇ ಬೇರೆ, ಮಗ ಸೇತ ಹುಟ್ಟಿದಾಗ ಆದಾಮನಿಗೆ 130 ಅಲ್ಲ, 230. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಸೃಷ್ಟಿಗೆ ಕೊಟ್ಟ ಕ್ರಿ.ಪೂ. 4004 ಹೀಬ್ರೂ ಅಂಕಿಗಳದ್ದು. ಹುಡುಗರಿಗೆ ಮಜಾ, ಆದರೆ ಮುಕ್ಕಾಲು ಗಂಟೆ ನುಂಗುತ್ತೆ.

ಎರಡನೇ ಅಧ್ಯಾಯ ಅದೇ ದಿನ ಮುಟ್ಟಬೇಡಿ. ಅಲ್ಲಿ ಮನುಷ್ಯ ಮೊದಲು, ತೋಟ, ಪ್ರಾಣಿ ಆಮೇಲೆ. ಅದಕ್ಕೆ ಬೇರೆ ಹಾಳೆ, ಬೇರೆ ವಾರ. ಹಳೆ ಚಾರ್ಟನ್ನು ಪಕ್ಕದಲ್ಲೇ ತೂಗುಹಾಕಿ, ದಾರಕ್ಕೆ ಕ್ಲಿಪ್ ಹಾಕಿ. ಟೇಪ್ ಅಂಟಿಸಿದರೆ ಗೋಡೆಯ ಬಣ್ಣ ಕಿತ್ತು ಬರುತ್ತೆ, ಆ ಖರ್ಚು ಪ್ರೊಜೆಕ್ಟರ್ ಬಾಡಿಗೆಗಿಂತ ಜಾಸ್ತಿ.